ಹಣೆಯಿದ್ದ ಗರಗಸ

ಆ ಗರಗಸ ಕಿತ್ತಳೆ ಬಣ್ಣದ್ದು ಎಂದು ಬರೆಯಲು ಹೊರಟವನು ಯಾವುದಕ್ಕೂ ಇರಲಿ ಎಂದು ಅಟ್ಟದಿಂದ ಇಳಿಸಿ ನೋಡಿದೆ. ಹಸಿರು. ಮೊದಲ ವಾಕ್ಯವೇ ಹೋಯಿತು. ಹಾಗಾಗಿ ನನ್ನ ನೆನಪನ್ನು ನಂಬದೆ, ಊರಿನಲ್ಲಿ ಯಾರೂ ಅಲ್ಲಗಳೆಯದ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ. ಹಂಗಳದ ಹತ್ತಿರದ ನಮ್ಮೂರಿನಲ್ಲಿ, ನಮ್ಮ ಹಿತ್ತಲಿನಲ್ಲಿ, ಹಿಂದಿನ ವರ್ಷ ಸಿಡಿಲು ಹೊಡೆದು ಸತ್ತ ಒಂದು ತೆಂಗಿನ ಮರವಿತ್ತು. ಗರಿಗಳೆಲ್ಲ ಉದುರಿ ಬೋಳು ಕಂಬವಾಗಿ ಪಕ್ಕದ ಚಿಕ್ಕಪ್ಪನ ಕೊಟ್ಟಿಗೆಯ ಕಡೆಗೆ ವಾಲಿತ್ತು. ಕೊಟ್ಟಿಗೆಯೊಳಗೆ ಗಬ್ಬದ ಹಸು ಇತ್ತು. ಆಷಾಢದ ಗಾಳಿ ಏಳುವುದರೊಳಗೆ ನಾವು ಮರ ಕೆಡವದಿದ್ದರೆ ಗಾಳಿಯೇ ಕೆಡವುತ್ತಿತ್ತು, ಹಸುವಿನ ಮೇಲೆ.

ಹಸುವನ್ನು ಬೇರೆ ಕಡೆ ಕಟ್ಟಬಹುದಿತ್ತಲ್ಲ? ನಾನೂ ಗೋಡೆಯ ಮೇಲಿಂದ ಚಿಕ್ಕಪ್ಪನನ್ನು ಹೀಗೇ ಕೇಳಿದೆ.

"ಮರ ಯಾರ್ದ್ಲಾ?" ಅಂದ.

"ನಮ್ದು."

"ಅಸ ಯಾರ್ದು?"

"ನಿಮ್ದು."

"ವಾಲಿರೋದು ಮರ. ನೆಟ್ಟಗೆ ನಿಂತಿರೋ ನನ್ನಸ ಯಾಕ್ಲಾ ಜಾಗ ಬುಡ್ಬೇಕು?"

ಪಾಲಾದಾಗಿನಿಂದ ಅವನಿಗೂ ಅಪ್ಪನಿಗೂ ಮಾತು ನಿಂತಿತ್ತು. ಅಪ್ಪ ತೀರಿಕೊಂಡ ಮೇಲೆ ಆ ಮುನಿಸು ಆಸ್ತಿಯ ಹಾಗೆ ಅಮ್ಮನಿಗೆ ಬಂತು. ಬೈಯಲು ನಮ್ಮ ಮನೆಯವರೊಬ್ಬರಾದರೂ ಬೇಕಲ್ಲ, ನನ್ನ ಜೊತೆ ಮಾತ್ರ ಮಾತಾಡುತ್ತಿದ್ದ.

ಒಳ್ಳೆಯ ಗರಗಸ ಇಟ್ಟುಕೊಂಡು ಮರ ಕೊಯ್ಯುವವರು ಗುಂಡ್ಲುಪೇಟೆಯಿಂದ ಬಂದು ನೋಡಿದರು. ಸತ್ತ ತೆಂಗನ್ನು ಹತ್ತಿ ತುದಿಯಿಂದ ತುಂಡರಿಸಲು ಆಗುವುದಿಲ್ಲ, ಬುಡದಿಂದಲೇ ಕೆಡವಬೇಕು, ಆ ಜವಾಬ್ದಾರಿ ತಮಗೆ ಬೇಡ ಎಂದು ಕಾಫಿ ಕುಡಿದು ಹೋದರು. ನಾನು ಮೊಬೈಲಿನಲ್ಲಿ ಹುಡುಕಿ, ಇದ್ದುದರಲ್ಲೇ ಅಗ್ಗವಾದ ಪೆಟ್ರೋಲ್ ಗರಗಸ ತರಿಸಿದೆ. ಡಬ್ಬದ ಚಿತ್ರದಲ್ಲಿ ಗಡ್ಡದವನೊಬ್ಬ ನಗುನಗುತ್ತ ದೊಡ್ಡ ದಿಮ್ಮಿಯೊಂದನ್ನು ಸೀಳುತ್ತಿದ್ದ. ನಮ್ಮ ಹಿತ್ತಲಿನಲ್ಲಿ ಅದು ನುಗ್ಗೆ ಕೊಂಬೆಯ ಅರ್ಧಕ್ಕೆ ಬಂದು, ಕೆಮ್ಮಿ, ನಿಂತಿತು. ನುಗ್ಗೆ ಕೊಂಬೆಯನ್ನು ಅಮ್ಮ ಕೈಯಲ್ಲೇ ಮುರಿಯುತ್ತಾಳೆ.

ಆಗ ನನಗೆ ಚಾಮರಾಜನಗರದಲ್ಲಿ ಕೆಲಸ. ಶನಿವಾರ ಸಂಜೆ ಊರಿಗೆ ಬಂದರೆ ಸೋಮವಾರ ಮೊದಲ ಬಸ್ಸಿಗೆ ವಾಪಸು. ನಡುವೆ ಸಿಕ್ಕ ಭಾನುವಾರ ಗರಗಸವನ್ನು ಗೋಣಿಚೀಲದಲ್ಲಿ ಸುತ್ತಿ, ಬೈಕಿನ ಹಿಂದೆ ಕಟ್ಟಿಕೊಂಡು ಗುಂಡ್ಲುಪೇಟೆಯ ಮೆಕ್ಯಾನಿಕ್ ಬಳಿ ಹೋದೆ. ಈರುಳ್ಳಿ ಲಾರಿಗಳು ನಿಲ್ಲುವ ಸಾಲಿನ ಕೊನೆಯಲ್ಲಿ ಅವನ ಅಂಗಡಿ. ಮೊಪೆಡ್ಡು, ಔಷಧಿ ಹೊಡೆಯುವ ಪಂಪು, ಕಳೆ ಕೊಯ್ಯುವ ಯಂತ್ರ ಎಲ್ಲ ರಿಪೇರಿ ಮಾಡುತ್ತಿದ್ದ. ಅವನಿಗೊಂದು ಸಿದ್ಧಾಂತವಿತ್ತು.

"ಯಾವ ಮಿಷನ್ನೂ ಕೆಟ್ಟದ್ದಲ್ಲ ಸಾರ್. ಕಂಪ್ನಿಯೋರು ಕಾಲ್ ಕಟ್ಬುಟ್ಟು ಕಳಿಸ್ತಾರೆ. ನಾವು ಬಿಚ್ಬುಟ್ರೆ ಸಾಕು, ಕುದ್ರೆ ಕಣೇಳಿ."

ಬಿಚ್ಚತೊಡಗಿದ. ಮೊದಲು ಹಿಂಬದಿಯ ಮುಚ್ಚಳ ತೆಗೆದು, ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಜಾಲರಿ ನೋಡಿದ. ಚೊಕ್ಕವಾಗಿತ್ತು. ಮುಚ್ಚಿದ. ಸೈಲೆನ್ಸರಿನೊಳಗಿನ ಬಲೆ ಕಿತ್ತು, ಹೊಗೆ ಸರಾಗವಾಗಿ ಹೋಗಲಿ ಎಂದು ಎರಡು ತೂತು ಕೊರೆದ. ಕಾರ್ಬೊರೇಟರಿನ ತಿರುಪುಗಳಿಗೆ ಕಂಪನಿ ತೊಡಿಸಿದ್ದ ಪ್ಲಾಸ್ಟಿಕ್ ಟೋಪಿಗಳನ್ನು ಇಕ್ಕಳದಿಂದ ಎಳೆದು ಬಿಸಾಡಿದ. ಚೈನಿನ ಪ್ರತಿ ಹಲ್ಲಿನ ಮುಂದಿರುವ ಗುಬುಟನ್ನು ಅರದಿಂದ ಉಜ್ಜಿ ತಗ್ಗಿಸಿದ. ಹಲ್ಲು ಆಗ ಮರವನ್ನು ಇನ್ನಷ್ಟು ಆಳಕ್ಕೆ ಕಚ್ಚುತ್ತದೆಯಂತೆ. ಆಮೇಲೆ ಅಂಗಡಿಯ ಮುಂದೆ ಬಿದ್ದಿದ್ದ ಸಿಲ್ವರ್ ಓಕ್ ದಿಮ್ಮಿಯ ಮೇಲೆ ಇಟ್ಟ. ಬಾಳೆದಿಂಡು ಕೊಯ್ದ ಹಾಗೆ ಕೊಯ್ದಿತು. ಲಾರಿಯವರು ಶಿಳ್ಳೆ ಹಾಕಿದರು.

ಕತ್ತಲಾದ್ದರಿಂದ ಮುಂದಿನ ವಾರ ಮರ ಕೆಡವುವುದೆಂದು ಗರಗಸವನ್ನು ಅಮ್ಮನ ವಶಕ್ಕೆ ಕೊಟ್ಟು ಸೋಮವಾರ ಬಸ್ಸು ಹತ್ತಿದೆ.

ನಮ್ಮ ಮನೆಗೆ ಬಂದ ಯಾವ ಯಂತ್ರಕ್ಕೂ ಸೋಮವಾರ ವಿಭೂತಿ ತಪ್ಪುವುದಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರಿಗೆ, ನನ್ನ ಬೈಕಿಗೆ, ಮಿಕ್ಸಿಗೆ, ಎಲ್ಲಕ್ಕೂ ಅಮ್ಮ ಮೂರು ಬೆರಳು ಒದ್ದೆ ಮಾಡಿಕೊಂಡು ಪಟ್ಟೆ ಎಳೆಯುತ್ತಾಳೆ. ಮಿಕ್ಸಿಗೆ ಹಣೆ ಎಲ್ಲಿದೆ ಎಂದು ನಮಗೆ ಗೊತ್ತಾಗಲಿಕ್ಕಿಲ್ಲ, ಅವಳಿಗೆ ಗೊತ್ತು. ಗರಗಸವನ್ನೂ ಎರಡು ಸಲ ತಿರುಗಿಸಿ ನೋಡಿ ಹಣೆ ಕಂಡುಹಿಡಿದಳು. ಹಿಡಿಯ ಮೇಲೆ, ಹಿಂಬದಿಯಲ್ಲಿ, ಅಗಲವಾದ ಮುಚ್ಚಳ. ಅದರಲ್ಲಿ ಅಡ್ಡಡ್ಡವಾಗಿ ಸಾಲು ಸೀಳುಗಳು. ಪಟ್ಟೆ ಎಳೆಯಲು ಕಂಪನಿಯವರೇ ಗೆರೆ ಹಾಕಿಕೊಟ್ಟ ಹಾಗಿತ್ತು.

ಶನಿವಾರ ಬಂದು ಚಾಲೂ ಮಾಡಿದೆ. ಕೆಮ್ಮಿತು. ಭಾನುವಾರ ಮತ್ತೆ ಗೋಣಿಚೀಲ, ಮತ್ತೆ ಗುಂಡ್ಲುಪೇಟೆ.

ಮೆಕ್ಯಾನಿಕ್ ಗರಗಸದ ಮೇಲಿನ ವಿಭೂತಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ಪೆಟ್ರೋಲ್ ಜಾಸ್ತಿ ಕುಡೀತಾ ಅದೆ ಸಾರ್," ಎಂದು ಪಕ್ಕದ ತೂತಿನಿಂದ ತೆಳ್ಳನೆಯ ಸ್ಕ್ರೂಡ್ರೈವರ್ ತೂರಿಸಿ, ಕಾರ್ಬೊರೇಟರಿನ ತಿರುಪನ್ನು ಗಡಿಯಾರದ ಮುಳ್ಳು ಐದು ನಿಮಿಷ ಸರಿಯುವಷ್ಟು ಬಿಗಿ ಮಾಡಿದ. ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಚುರುಕಾಯಿತು. ಸೈಲೆನ್ಸರಿಗೆ ಇನ್ನೊಂದು ತೂತು. ಮತ್ತೆ ಬಾಳೆದಿಂಡು, ಮತ್ತೆ ಶಿಳ್ಳೆ. ಮನೆಗೆ ತಂದು, ಸೋಮವಾರ ಕಳೆದು, ಶನಿವಾರ ಬಂದರೆ ಮತ್ತೆ ಕೆಮ್ಮು.

ಹೀಗೆ ಎಷ್ಟು ವಾರ ನಡೆಯಿತೋ ತಿಳಿಯದು. ನಾನು ಏಳು ಅನ್ನುತ್ತೇನೆ, ಮೆಕ್ಯಾನಿಕ್ ಐದು ಅನ್ನುತ್ತಾನೆ, ಅಮ್ಮ ಶಿವರಾತ್ರಿಯಿಂದಲೂ ಅನ್ನುತ್ತಾಳೆ. ಗರಗಸದ ಸದ್ದು ಮಾತ್ರ ವಾರದಿಂದ ವಾರಕ್ಕೆ ಬೆಳೆದದ್ದು ನಿಜ. ಅದು ಕಾಡಿನ ಅಂಚಿಗೂ ಕೇಳಿಸಿ ಒಂದು ಭಾನುವಾರ ಅರಣ್ಯ ರಕ್ಷಕನೊಬ್ಬ ಬೈಕಿನಲ್ಲಿ ಓಡಿಬಂದ.

"ಯಾವ ಮರ ಕುಯ್ತಾ ಇದೀರ್ರೀ?"

ನಾನು ನುಗ್ಗೆ ಕೊಂಬೆ ತೋರಿಸಿದೆ. ಅವನು ಕೊಂಬೆಯನ್ನೂ ಗರಗಸವನ್ನೂ ನನ್ನನ್ನೂ ನೋಡಿ, ಕೊನೆಗೆ ಅಮ್ಮನಿಂದ ಒಂದು ಕಟ್ಟು ನುಗ್ಗೆ ಸೊಪ್ಪು ಕೇಳಿ ಪಡೆದು ಹೊರಟ. ಗೋಡೆಯಾಚೆಯಿಂದ ಚಿಕ್ಕಪ್ಪ, "ಸಾಯೇಬ್ರೆ, ಅವ್ನು ಮರ ಕುಯ್ಯಕಿಲ್ಲ, ಬರೀ ಬಯ್ಯಿಸ್ಕತಾನೆ ಅಷ್ಟೇಯ!" ಎಂದು ಕೂಗಿದ.

ಅಂಗಡಿಯಲ್ಲಿ ಚೆನ್ನಾಗಿ ಓಡಿ ಮನೆಯಲ್ಲಿ ನಿಲ್ಲುವ ಯಂತ್ರದ ವಿಷಯದಲ್ಲಿ ಮೆಕ್ಯಾನಿಕ್ ಕೊನೆಗೊಂದು ತೀರ್ಮಾನಕ್ಕೆ ಬಂದ. "ದೃಷ್ಟಿ ಆಗ್ಯದೆ ಸಾರ್. ಅಮ್ಮಂಗೆ ಒಂದ್ಮಾತು ಹೇಳಿ." ನಾನು ತಮಾಷೆಯೆಂದು ಅಮ್ಮನಿಗೆ ಹೇಳಿದೆ. ಅಮ್ಮ ತಮಾಷೆಯೆಂದು ಕೇಳಲಿಲ್ಲ.

ಆಷಾಢ ಹತ್ತಿರವಾಯಿತು. ಮಧ್ಯಾಹ್ನದ ಹೊತ್ತು ಗಾಳಿ ಏಳತೊಡಗಿತು. ಮರದ ಬುಡದಿಂದ ಬಾಗಿಲ ತಿರುಗಣಿಯಂಥ ಸದ್ದು. ಹಸುವಿನ ಕೆಚ್ಚಲು ಇಳಿದಿತ್ತು. ಚಿಕ್ಕಪ್ಪ ಅದನ್ನು ಜಾಗ ಬಿಡಿಸಲಿಲ್ಲ. ಆದರೆ ರಾತ್ರಿ ಅದರ ಪಕ್ಕದಲ್ಲೇ ಮಲಗುತ್ತಿದ್ದಾನೆಂದು ಊರು ಹೇಳಿತು. ಮರ ಬಿದ್ದರೆ ಇಬ್ಬರ ಮೇಲೂ ಬೀಳಲಿ ಎಂಬ ಹಟವೋ, ಹಸುವಿಗೆ ಧೈರ್ಯವೋ, ಅವನನ್ನು ಕೇಳುವವರಿರಲಿಲ್ಲ. ನಾನು ಸೋಮವಾರ ರಜೆ ಹಾಕಿದೆ. "ಇದು ನನ್ ಮರ್ಯಾದೆ ಪ್ರಶ್ನೆ" ಎಂದು ಮೆಕ್ಯಾನಿಕ್ ಅಂಗಡಿ ಮುಚ್ಚಿ ತಾನೇ ಬಂದ.

ಅವನು ಬಂದಾಗ ಅಮ್ಮನ ಪೂಜೆ ಮುಗಿಯುತ್ತಿತ್ತು. ಗರಗಸದ ಹಣೆಗೆ ಒದ್ದೆ ಪಟ್ಟೆ ಎಳೆದು, ದೃಷ್ಟಿಗೆಂದು ಮೇಲೊಂದು ಹಿಡಿ ಒಣ ವಿಭೂತಿ ಉದುರಿಸಿದ್ದಳು. ಮೆಕ್ಯಾನಿಕ್ ಕಣ್ಣಿಗೊತ್ತಿಕೊಂಡು ಹಗ್ಗ ಎಳೆದ. ಎಂಜಿನ್ ಹತ್ತಿತು. ನಮ್ಮ ಕಣ್ಣೆದುರೇ ಹಿಡಿ ವಿಭೂತಿ ಸುಯ್ಯೆಂದು ಸೀಳುಗಳೊಳಗೆ ಹೊಕ್ಕು ಮಾಯವಾಯಿತು. ಎಂಜಿನ್ ಕೆಮ್ಮಿತು. ಮೆಕ್ಯಾನಿಕ್ ಅದನ್ನು ಆರಿಸಿ ಅಮ್ಮನ ಕಡೆ ತಿರುಗಿದ.

"ಅಮ್ಮ, ವಾರವಾರ ಇಂಗೇ ಹಚ್ತೀರಾ?"

"ಹಚ್ದೆ ಬುಟ್ಬುಡ್ತೀನಾ? ದೃಷ್ಟಿ ಅಂತ ನೀನೇ ಅಲ್ವಾ ಹೇಳ್ಕಳಿಸಿದ್ದು ಕಣಪ್ಪ? ಅವತ್ತಿಂದ ಗುರ್ವಾರಾನೂ ಹಚ್ತಾ ಇವ್ನಿ."

ಅವನು ಮುಚ್ಚಳ ಬಿಚ್ಚಿದ. ಜಾಲರಿ ಕಾಣಲಿಲ್ಲ. ಅದರ ಜಾಗದಲ್ಲಿ ಪೆಟ್ರೋಲು ಹೀರಿ ಗಟ್ಟಿಯಾದ ವಿಭೂತಿಯ ಬಿಲ್ಲೆಯೊಂದು ಕೂತಿತ್ತು.

"ಇದ್ನ ನಂಜನಗೂಡಲ್ಲಿ ಮಾರ್ಬೋದು," ಅಂದ.

"ಇಷ್ಟು ವಾರ ಇದನ್ನ ತೆಗೆದು ನೋಡಬಾರದಿತ್ತಾ ಮಾರಾಯ?" ಎಂದೆ.

"ಪೂಜೆ ಮಾಡಿರೋ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಎಂಗ್ ಇಕ್ಕೋದು ಸಾರ್? ಕೈ ಬರ್ನಿಲ್ಲ."

ನಾವು ಪ್ರತಿ ವಾರ ಗರಗಸ ರಿಪೇರಿ ಮಾಡುತ್ತಿರಲಿಲ್ಲ. ಅದನ್ನು ವಿಭೂತಿಗೆ ಒಗ್ಗಿಸುತ್ತಿದ್ದೆವು. ಗಾಳಿ ಕಡಿಮೆಯಾದಷ್ಟೂ ಪೆಟ್ರೋಲ್ ಕಡಿಮೆ ಮಾಡಿ. ಈಗ ಜಾಲರಿ ತೊಳೆದರೆ ಗಾಳಿ ಧಾರಾಳ. ಬಿಗಿ ಮಾಡಿದ್ದ ತಿರುಪನ್ನು ಅಷ್ಟೇ ಸಡಿಲಿಸಬೇಕು. ಇಲ್ಲದಿದ್ದರೆ ಪೆಟ್ರೋಲು, ಅದರಲ್ಲಿ ಬೆರೆಸಿದ ಎಣ್ಣೆ ಎರಡೂ ಸಾಲದೆ ಎಂಜಿನ್ ಸುಟ್ಟುಕೊಳ್ಳುತ್ತದೆ. ಎಷ್ಟು ಸಲ ಬಿಗಿ ಮಾಡಿದ್ದೆವು? ಅವನು ಐದು ಎಂದ. ನಾನು ಏಳು ಎಂದೆ. ಅವನು ತನ್ನ ಕೈಯನ್ನು ನಂಬಿದ್ದ, ನಾನು ನನ್ನ ಭಾನುವಾರಗಳನ್ನು. ಗಾಳಿ ಜೋರಾಗುತ್ತಿತ್ತು. ಮರ್ಯಾದಸ್ಥರ ಹಾಗೆ ಆರಕ್ಕೆ ಒಪ್ಪಿಕೊಂಡು, ಜಾಲರಿ ತೊಳೆದು, ತಿರುಪು ಸಡಿಲಿಸಿದೆವು.

ಮರದ ಮೇಲ್ಭಾಗಕ್ಕೆ ಏಣಿ ಹಾಕಿ ಹಗ್ಗ ಕಟ್ಟಿ, ಬೀದಿಯ ನಾಲ್ವರಿಗೆ ಹಿತ್ತಲಿನ ಪಕ್ಕದ ಓಣಿಯ ಕಡೆ ಜಗ್ಗಿ ಹಿಡಿಯಲು ಹೇಳಿದೆವು. ಗರಗಸ ಹತ್ತಿತು. ಅಂಥ ದನಿ ಅದು ಹಿಂದೆಂದೂ ತೆಗೆದಿರಲಿಲ್ಲ. ಓಣಿಯ ಬದಿಗೆ ಮರದ ಬುಡದಲ್ಲಿ ಬಾಯಿ ತೆಗೆಯಲು ಎರಡು ನಿಮಿಷ ಹಿಡಿಯಿತೋ ಇಲ್ಲವೋ. ಮೆಕ್ಯಾನಿಕ್ ಹಿಂದಿನಿಂದ ಕೊಯ್ಯತೊಡಗಿದ. ಹೊಟ್ಟು ಹಾರಿತು. "ನೋಡಿ ಸಾರ್ ಕುದ್ರೆ!" ಎಂದು ಕಿರುಚಿದ. ಕುದುರೆ ಇನ್ನೂ ಮೇಲಿನ ಸ್ವರಕ್ಕೆ ಹೋಯಿತು. ಆಮೇಲೆ ಕಟಕ್ಕೆಂದು ನಿಂತಿತು. ಅವನು ಗರಗಸದ ಹಗ್ಗ ಎಳೆದ, ಅದು ಬರಲಿಲ್ಲ. ಪಿಸ್ಟನ್ ಜಾಮಾಗಿತ್ತು. ಗರಗಸದ ಅಲಗು ಮರದೊಳಗೆ ಸಿಕ್ಕಿಕೊಂಡಿತ್ತು. ಆರು ಸಾಲದೆ ಹೋಗಿತ್ತು. ಏಳಾದರೂ ಸಾಕಾಗುತ್ತಿತ್ತೋ, ಈಗ ಯಾರನ್ನು ಕೇಳುವುದು?

ಅರ್ಧ ಕೊಯ್ದ ಮರ ಕಿರ್ರೆಂದಿತು. ಗಾಳಿ ಬೀಸಿದಾಗ ಹಗ್ಗ ಹಿಡಿದ ನಾಲ್ವರು ಒಂದೊಂದು ಹೆಜ್ಜೆ ಕೊಟ್ಟಿಗೆಯ ಕಡೆಗೇ ಜಾರಿದರು.

ಅಷ್ಟೂ ಹೊತ್ತು ಕೈಕಟ್ಟಿ ಗೋಡೆಯಾಚೆ ನಿಂತಿದ್ದ ಚಿಕ್ಕಪ್ಪ ಕಾಣೆಯಾದ. ಮರುಗಳಿಗೆ ನಮ್ಮ ಬಾಗಿಲಲ್ಲಿದ್ದ, ಹಸು ಹಿಡಿದುಕೊಂಡು. ಎಷ್ಟೋ ವರ್ಷಗಳ ಮೇಲೆ ಅವನು ಆ ಹೊಸ್ತಿಲು ದಾಟಿದ್ದು. ಹಸು ಆತುರಪಡಲಿಲ್ಲ, ಅಂಗಳದ ನಡುವೆ ನಿಂತು ಸಗಣಿ ಹಾಕಿ, ಆಮೇಲೆ ಮುಂದೆ ಬಂತು. ಅಮ್ಮ ಹಸುವಿನ ಹಗ್ಗ ಇಸಿದುಕೊಂಡಳು. ಚಿಕ್ಕಪ್ಪ ವಾಪಸು ಹೋಗಿ, ಇಬ್ಬರು ಎಳೆಯುವ ಉದ್ದನೆಯ ಕೈಗರಗಸ ತಂದ.

"ಇಡ್ಕಳ್ಲಾ ಆ ಕಡೆ."

ಸಿಕ್ಕಿಕೊಂಡ ಅಲಗಿಗಿಂತ ಒಂದು ಗೇಣು ಮೇಲೆ ಹಚ್ಚಿದೆವು.

"ಎಳಿಯೋದು ಮಾತ್ರ ಮಾಡ್ಲಾ, ನೂಕ್ಬ್ಯಾಡ. ನೂಕುದ್ರೆ ಬಗ್ಗೋಯ್ತದೆ. ನಿಮ್ಮಪ್ಪನೂ ಇಂಗೇಯ, ನೂಕೋನು."

"ನೂಕಿದ್ದು ಯಾರು ಅಂತ ನಂಗೊತ್ತಿಲ್ವಾ," ಎಂದು ಅಮ್ಮ ಹಸುವಿಗೆ ಹೇಳಿದಳು.

"ಅತ್ತಿಗೆ, ಮರ ಬೀಳ್ಲಿ, ಆಮೇಲ್ ಮಾತಾಡನ," ಎಂದು ಚಿಕ್ಕಪ್ಪ ಗರಗಸಕ್ಕೆ ಹೇಳಿದ.

ತೆಂಗಿನ ನಾರು ಬಿಡುತ್ತಿರಲಿಲ್ಲ. ನನ್ನ ಅಂಗೈ ಸುಲಿಯಿತು. ನಾನು ಮತ್ತೆ ಮತ್ತೆ ನೂಕಿದೆ, ಅವನು ಮತ್ತೆ ಮತ್ತೆ ಬೈದ; ಬೈಗುಳದ ಲಯಕ್ಕೆ ಕೊನೆಗೆ ನನ್ನ ಕೈ ಹೊಂದಿಕೊಂಡಿತು. ಮರ ನಿಟ್ಟುಸಿರು ಬಿಟ್ಟ ಹಾಗೆ ಸದ್ದು ಮಾಡಿತು. "ಜಗ್ರಲಾ!" ಎಂದು ಚಿಕ್ಕಪ್ಪ ಕೂಗಿದ. ಓಣಿಯುದ್ದಕ್ಕೂ ಧೂಳೆದ್ದಿತು.

ಕೊಟ್ಟಿಗೆಯ ಒಂದು ಹೆಂಚೂ ಅಲುಗಿರಲಿಲ್ಲ. ಮರ ಮಾತ್ರ ಓಣಿಗೆ ತೆರೆಯುವ ಚಿಕ್ಕಪ್ಪನ ಮನೆಯ ಬಾಗಿಲಿಗೆ ಅಡ್ಡವಾಗಿ, ಅಗಳಿ ಹಾಕಿದಂತೆ ಮಲಗಿತ್ತು. ಮನುಷ್ಯರು ದಾಟಬಹುದು, ಗಬ್ಬದ ಹಸು ದಾಟುವಂತಿಲ್ಲ.

"ಪಿಸ್ಟನ್ ಹೊಸದು ಹಾಕ್ಸಿ, ವಸಿ ಬೋರ್ ಮಾಡ್ಸುದ್ರೆ," ಎಂದು ಮೆಕ್ಯಾನಿಕ್ ಶುರು ಮಾಡಿದ.

ಕೈಗರಗಸದಲ್ಲಿ ಆ ಮರ ತುಂಡು ಮಾಡಲು ನಮಗೆ ನಾಲ್ಕು ದಿನ ಬೇಕಾಯಿತು; ನಾನು ರಜೆ ಮುಂದುವರಿಸಿದೆ. ಮೂರನೆಯ ಬೆಳಿಗ್ಗೆ ಹಸು ನಮ್ಮ ಅಂಗಳದಲ್ಲೇ ಕರು ಹಾಕಿತು. ಹಾಲು ಕರೆಯಲು ಚಿಕ್ಕಪ್ಪ ಎರಡು ಹೊತ್ತೂ ಮರ ದಾಟಿ ಬರಬೇಕಾಯಿತು. ಮೊದಲ ದಿನ ತಂಬಿಗೆ ತುಂಬ ಗಿಣ್ಣುಹಾಲು ಕರೆದು, ಮನೆಗೂ ಒಯ್ಯದೆ, ಒಳಗೂ ಬಾರದೆ, ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ನಿಂತ.

"ಅತ್ತಿಗೆ," ಅಂದ. "ನಮ್ಮನೇಲಿ ಏಲಕ್ಕಿ ಇಲ್ಲ."

ಅಮ್ಮ ಕಿಟಕಿಯಿಂದ ಕೈ ಚಾಚಿ ತಂಬಿಗೆ ತೆಗೆದುಕೊಂಡಳು.