ಬೇರೆ ಟ್ರಂಪೆಟ್ ತರಲಿ ಎಂದರು

ನನ್ನ ಅಕ್ಕನ ಮಗ ವಿನೀತ ಪುಣೆ ಕ್ಯಾಂಪಿನ ಮದುವೆ ಬ್ಯಾಂಡಿನವನು. ವರನ ಕುದುರೆಯ ಮುಂದೆ ಸಿನಿಮಾ ಹಾಡು ಊದುತ್ತಾನೆ. ರವಿವಾರ ಮರಾಠಿಯವರ ಆರಾಧನೆ ಮುಗಿದ ಮೇಲೆ ಅದೇ ಚರ್ಚಿನಲ್ಲಿ ನಮ್ಮ ಕನ್ನಡ ಸಭೆ ಕೂಡುತ್ತದೆ. ಅಲ್ಲಿ ಅದೇ ಟ್ರಂಪೆಟ್ಟಿನಲ್ಲಿ ಕೀರ್ತನೆ ಊದುತ್ತಿದ್ದ. ಆರಾಧನೆ ಮುಗಿಯುವ ತನಕ ಯಾವ ಲಗ್ನಕ್ಕೂ ಬರುವುದಿಲ್ಲ ಎಂದು ಮಾಲಕ ಹುಲಿಗೆಪ್ಪನಿಗೆ ಹೇಳಿಟ್ಟಿದ್ದ. ಅದಕ್ಕೇ ಬ್ಯಾಂಡಿನವರು ಅವನನ್ನು ಪಾದ್ರಿ ಎಂದು ಕರೆಯುತ್ತಾರೆ.

ದಸರೆಯ ಹಿಂದಿನ ದಿನ, ಖಂಡೇನವಮಿಗೆ, ಬ್ಯಾಂಡಿನ ಅಂಗಡಿಯಲ್ಲಿ ಎಲ್ಲ ವಾದ್ಯಗಳನ್ನು ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ದಸರೆಯ ಸಂಜೆಯ ತನಕ ಯಾರೂ ಮುಟ್ಟುವಂತಿಲ್ಲ. ವಿನೀತ ಕೈ ಮುಗಿಯುವುದಿಲ್ಲ, ಟ್ರಂಪೆಟ್ ಮಾತ್ರ ಇಡುತ್ತಾನೆ. ಆಮೇಲೆ ನನ್ನ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾನೆ. ಕಳೆದ ಸಲ ದಸರೆಯ ಮರುದಿನವೇ ಚರ್ಚಿನಲ್ಲಿ ನಮ್ಮ ಬೆಳೆಹಬ್ಬದ ಆರಾಧನೆ ಬಂತು. ಅವಸರದಲ್ಲಿ ತಿಕ್ಕಿದ. ಅಂಚಿನ ಮಡಿಕೆಯಲ್ಲಿ ಕುಂಕುಮ ಉಳಿಯಿತು.

ಸಭೆಯ ಹಿರಿಯರಾದ ದೇವದಾನಪ್ಪನವರ ಕಣ್ಣು ಸರಿಯಾಗಿ ಅಲ್ಲಿಗೇ ಹೋಯಿತು. ಮೂರ್ತಿಯ ಮುಂದೆ ಇಟ್ಟದ್ದನ್ನು ಇಲ್ಲಿ ಊದಬೇಡ ಎಂದು ಎಲ್ಲರೆದುರು ಹೇಳಿದರು. ವಿನೀತ ಅದನ್ನು ಚೀಲಕ್ಕೆ ಹಾಕಿಕೊಂಡು ಹಿಂದಿನ ಬೆಂಚಿಗೆ ಬಂದ.

ಬರುವ ವರ್ಷದಿಂದ ತನ್ನದನ್ನು ಪೂಜೆಗೆ ಇಡುವುದಿಲ್ಲ ಎಂದು ಹುಲಿಗೆಪ್ಪನಿಗೆ ಹೇಳಿ ನೋಡಿದ. ಆತ ನಕ್ಕ.

"ಎಲ್ಲಾರ ವಾದ್ಯ ಒಂದ ಸಾಲಿನ್ಯಾಗ ಕುಂದರತಾವ. ನಿಂದೇನು ಮಡಿ ಉಟ್ಟದೇನೋ ಪಾದ್ರಿ? ಅದು ಸಾಲಿನ್ಯಾಗ ಇರಂಗಿಲ್ಲಂದ್ರ ನೀನೂ ಇರಬ್ಯಾಡ."

ಬ್ಯಾಂಡು ಬಿಟ್ಟರೆ ಹೊಟ್ಟೆಗಿಲ್ಲ, ಬಿಡದಿದ್ದರೆ ಕೀರ್ತನೆಯಿಲ್ಲ. ಕೀರ್ತನೆ ಊದದ ರವಿವಾರ ಅವನಿಗೆ ಊಟ ಸೇರುತ್ತಿರಲಿಲ್ಲ. ನಾನು ದೇವದಾನಪ್ಪನವರ ಮನೆಗೆ ಹೋಗಿ ಹೋಗಿ ಸಾಕಾದೆ. ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಕ್ರಿಸ್‌ಮಸ್ ಹತ್ತಿರ ಬಂದಾಗ ಹಾರ್ಮೋನಿಯಂ ಒಂದೇ ಸಾಲದು ಎಂದು ಅವರಿಗೇ ತಿಳಿಯಿತು. ವಿನೀತ ಬರಲಿ, ಬೇರೆ ಟ್ರಂಪೆಟ್ ತರಲಿ ಎಂದು ನನ್ನ ಕೈಲಿ ಹೇಳಿ ಕಳಿಸಿದರು.

ಹೇಳಿದೆ.

"ಟ್ರಂಪೆಟ್ ಬ್ಯಾರೆ ತರಬಹುದು ಚಿಗವ್ವ," ಎಂದ. "ಬಾಯಿ ಎಲ್ಲಿಂದ ತರಲಿ? ಲಗ್ನದಾಗ ಊದೂದು ಈ ಬಾಯಿನೇ ಅಲ್ಲೇನು?"

ಕ್ರಿಸ್‌ಮಸ್ಸಿನ ದಿನ ಬರಿಗೈಯಲ್ಲಿ ಬಂದು ನನ್ನ ಪಕ್ಕ ಕೂತ. ಹಾಡು ಶುರುವಾಯಿತು. ಹಾರ್ಮೋನಿಯಂ ಒಂದು ಕಡೆ ಎಳೆಯಿತು, ಜನ ಒಂದು ಕಡೆ ಎಳೆದರು. ವಿನೀತನ ಬಲಗೈಯ ಬೆರಳುಗಳು ತೊಡೆಯ ಮೇಲೆ ಸ್ವರ ಒತ್ತುತ್ತಿದ್ದವು. ದೇವದಾನಪ್ಪನವರು ತಿರುಗಿ ನಮ್ಮ ಬೆಂಚು ನೋಡಿದರು. ಜೋರಾಗಿ ಹಾಡಿರಿ ಎಂದು ಕೈ ಎತ್ತಿದರು.

ನಾನು ಕೀರ್ತನೆಯ ಪುಸ್ತಕ ಮುಚ್ಚಿದೆ.