ಕೆಜಿಎಫ್ ರೈಲಿನ ಕರ್ಚೀಫು

ಮುಚ್ಚಿಹೋದ ಚಿನ್ನದ ಗಣಿಗಳ ಊರು ನೋಡೋಣವೆಂದು ಕಂಟೋನ್ಮೆಂಟಿನಲ್ಲಿ ಸಂಜೆಯ ಕೆಜಿಎಫ್ ರೈಲು ಹತ್ತಿದೆ. ಕಿಟಕಿ ಪಕ್ಕದ ಸೀಟಿನಲ್ಲಿ ಒಂದು ಕರ್ಚೀಫು ಬಿದ್ದಿತ್ತು. ಯಾರೋ ಮರೆತಿರಬೇಕೆಂದು ಸರಿಸಿ ಕೂತೆ. ಬೈಯಪ್ಪನಹಳ್ಳಿಯಲ್ಲಿ ಅದರ ಒಡೆಯ ಬಂದು ಎಬ್ಬಿಸಿದ. ಮೊದಲೇ ಹತ್ತಿದ ಗೆಳೆಯರು ಹಾಸಿಟ್ಟದ್ದಂತೆ. ಎದುರು ಸೀಟಿಗೆ ಹೋದೆ. ಕೆ.ಆರ್. ಪುರಂನಲ್ಲಿ ಹತ್ತಿದ ಹೆಂಗಸೊಬ್ಬರು, ನಾನು ನೋಡದೆ ಕೂತಿದ್ದ ತಮ್ಮ ಕರ್ಚೀಫು ತೋರಿಸಿ ಅಲ್ಲಿಂದಲೂ ಎಬ್ಬಿಸಿದರು.

"ರಿಸರ್ವೇಶನ್ನೇ ಇಲ್ದಿರೋ ಗಾಡೀಲಿ ಇದ್ಯಾವ ನ್ಯಾಯ ಕಣ್ರೀ?" ಎಂದು ರೇಗಿದೆ.

"ದಿನಾ ನಮ್ಗಿದೇ ಜಾಗ ಸಾರ್," ಎಂದರು ಆಕೆ, ಆರಾಮಾಗಿ ಕೂರುತ್ತಾ. "ಗಣಿಗೆ ಇಳಿಯೋ ಲಿಫ್ಟಲ್ಲಿ ನಮ್ಮಪ್ಪಂಗೂ ಒಂದು ಮೂಲೆ ಅಂತಿತ್ತು. ಬೇರೆಯವ್ರು ಅಲ್ಲಿ ನಿಲ್ತಿರ್ಲಿಲ್ಲ."

"ಹೋಗ್ಲಿ, ನಿಮ್ಮೂರಲ್ಲಿ ನೋಡೋಕೆ ಏನಿದೆ?"

"ಏನಿದೆ ಸಾರ್? ಗಣಿಗೆ ಬೀಗ ಬಿದ್ದಿದೆ. ಗಣಿಯಿಂದ ತೆಗ್ದಿರೋ ಮಣ್ಣಿನ ಗುಡ್ಡ ಇದೆ. ಫೋಟೋ ಚೆನ್ನಾಗಿ ಬರುತ್ತೆ."

"ಆ ಮಣ್ಣು ನೋಡೋಕೆ ನಾನು ಅಲ್ಲೀವರೆಗೂ ನಿಂತ್ಕೊಂಡ್ ಬರ್ಬೇಕಾ?"

ಆಕೆ ಕರ್ಚೀಫು ಕೊಡವಿ ಮಡಚಿಕೊಂಡರು.

"ಆ ಲಿಫ್ಟಲ್ಲಿ ಯಾರೂ ಕೂರ್ತಿರ್ಲಿಲ್ಲ ಸಾರ್. ಒಬ್ರಿಗೊಬ್ರು ಅಂಟ್ಕೊಂಡು, ಕತ್ತಲಲ್ಲಿ ನಿಂತೇ ಇಳೀತಿದ್ರು. ನೀವೂ ಹಂಗೇ ಬನ್ನಿ, ಗಣಿ ನೋಡ್ದಂಗಾಗುತ್ತೆ."