ಕುಬೇರರ ಪಟ್ಟಿಯಲ್ಲಿ ನಮ್ಮನೆ ಬಾಡಿಗೆಯವನು

ತೋಳು ಬಿಗಿಯಾಗಿದ್ದ ರವಿಕೆಯೊಂದನ್ನು ಸಡಿಲ ಮಾಡಿಸಲು ತುರುವೇಕೆರೆಯ ನಮ್ಮ ಬೀದಿಯ ದರ್ಜಿ ಸಾಹೇಬರ ಅಂಗಡಿಗೆ ಹೋಗಿದ್ದೆ. ಕಾಯುವವರಿಗೆಂದು ಅವರು ಬೆಂಚಿನ ಮೇಲೆ ಹಳೆಯ ವಾರಪತ್ರಿಕೆಗಳನ್ನು ಇಟ್ಟಿರುತ್ತಾರೆ. ಒಂದನ್ನು ತೆರೆದರೆ ಎರಡು ಪುಟದ ತುಂಬ ಫೋಟೊಗಳು, ಮೇಲೆ ದಪ್ಪಕ್ಷರದಲ್ಲಿ ‘ಜಗತ್ತಿನ ಕಪ್ಪು ಕುಬೇರರು’. ಕಪ್ಪು ಹಣದವರಲ್ಲ, ಕಪ್ಪು ಜನಾಂಗದ ಶ್ರೀಮಂತರು. ಮೊದಲೆಲ್ಲ ಇಂಥ ಪಟ್ಟಿಯಲ್ಲಿ ಬೆರಳೆಣಿಕೆಯ ಜನ ಇರುತ್ತಿದ್ದರಂತೆ. ಈಗ ವರ್ಷವರ್ಷಕ್ಕೂ ಹೊಸಬರು ಸೇರುತ್ತಿದ್ದಾರಂತೆ, ಇದ್ದವರ ಆಸ್ತಿಯೂ ಏರುತ್ತಲೇ ಇದೆಯಂತೆ. ಎಣ್ಣೆ ಬಾವಿಯವರು, ಫೋನ್ ಕಂಪನಿಯವರು, ಟೀವಿಯವರು. ಸುಮ್ಮನೆ ನೋಡುತ್ತಾ ಹೋದವಳು ಕೆಳಸಾಲಿನ ಒಂದು ಮುಖದ ಮೇಲೆ ನಿಂತುಬಿಟ್ಟೆ. ಬಲಹುಬ್ಬಿನ ಮಧ್ಯೆ ಕೂದಲಿಲ್ಲದ ಒಂದು ಗೀರು. ತಿಪಟೂರಿನ ನಮ್ಮ ಮನೆಯ ಅಟ್ಟದ ತೊಲೆಗೆ ಹಣೆ ಬಡಿದುಕೊಂಡಾಗ ಆದದ್ದು ಅದು. ಅಮ್ಮ ಗೊಣಗುತ್ತಲೇ ಅರಿಶಿನ ಒತ್ತಿದ್ದಳು.

ಅಡುಗೆ ಎಣ್ಣೆ, ಸಾಬೂನು, ಬಂದರಿನ ಗೋದಾಮುಗಳು ಎಂದು ಫೋಟೊದ ಕೆಳಗೆ ಬರೆದಿತ್ತು. ಕಳೆದ ವರ್ಷಕ್ಕಿಂತ ಆಸ್ತಿ ಹೆಚ್ಚಿದೆ ಎಂಬುದಕ್ಕೆ ಮೇಲ್ಮುಖವಾದ ಒಂದು ಹಸಿರು ಬಾಣ. ಪರಿಚಯದವನೊಬ್ಬ ಇಷ್ಟು ಮೇಲೆ ಬಂದಿದ್ದಾನೆ ಎಂದು ನನಗೆ ಸಂತೋಷವಾಗಬೇಕಿತ್ತು. ನಿಜ ಹೇಳುತ್ತೇನೆ, ಆದದ್ದು ಹೊಟ್ಟೆಯುರಿ. ಆ ಎರಡು ಪುಟದಲ್ಲಿದ್ದ ಬೇರೆ ಯಾರು ಎಷ್ಟು ಗಳಿಸಿದರೂ ನನಗೇನೂ ಅನ್ನಿಸಲಿಲ್ಲ. ಅವರು ಚೆನ್ನಾಗಿರಲಿ. ಇವನ ಬಾಣ ಮಾತ್ರ ಕೆಳಗೆ ತಿರುಗಿರಬಾರದಿತ್ತೇ ಅನ್ನಿಸಿತು. ಇವನ ಮೇಲಿನ ನನ್ನ ಹೊಟ್ಟೆಕಿಚ್ಚು ಇವನು ಶ್ರೀಮಂತನಾಗುವುದಕ್ಕೆ ಎಷ್ಟೋ ಮೊದಲಿನದು.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಪೂರ್ವ ಆಫ್ರಿಕಾದ ಕಡಲತೀರದ ಯಾವುದೋ ಊರಿನವನು, ಬೆಂಗಳೂರಿನಲ್ಲಿ ಸೀಟು ತಪ್ಪಿ, ಯಾವನೋ ಏಜೆಂಟನ ಮಾತು ಕೇಳಿ ಬಿ.ಕಾಂ. ಓದಲು ತಿಪಟೂರಿಗೆ ಬಂದಿದ್ದ. ‘ಮನೆ ಬಾಡಿಗೆಗಿದೆ’ ಎಂದು ಬೋರ್ಡು ಹಾಕಿದ್ದವರೂ ಅವನನ್ನು ಕಂಡು ಬೋರ್ಡು ಒಳಗಿಟ್ಟುಕೊಂಡರು. ಅಪ್ಪ ಮಾತ್ರ ನಮ್ಮ ಕೊಬ್ಬರಿ ಗೋದಾಮಿನ ಪಕ್ಕದ ಕೋಣೆ ಕೊಟ್ಟರು. “ಅವ್ನೂ ತಾಯಿ ಹೆತ್ತ ಮಗ ಕಣೇ, ಬೀದೀಲಿ ಮಲಗ್ತಾನಾ?” ಎಂದು ಅಮ್ಮನ ಬಾಯಿ ಮುಚ್ಚಿಸಿದರು. ಬೀದಿಯವರಿಗೆ ಅವನು ಕೊನೆಯವರೆಗೂ ‘ಕರಿಯ’ನೇ. ನಾನೂ ಗೆಳತಿಯರ ಮುಂದೆ ಹಾಗೇ ಅನ್ನುತ್ತಿದ್ದೆ, ಈಗ ಬರೆಯಲು ನಾಚಿಕೆಯಾಗುತ್ತದೆ. ಮನೆಯಲ್ಲಿ ಬಾಡಿಗೆಯವನು ಎನ್ನುತ್ತಿದ್ದೆವು. ಅಪ್ಪನ ಬಾಯಲ್ಲಿ ಮಾತ್ರ ಅವನು ಎರಡೇ ತಿಂಗಳಲ್ಲಿ ‘ಮಗಾ’ ಆದ. ಅಪ್ಪನ ಹಿಂದೆಯೇ ತಿರುಗಿ ನಮ್ಮ ಕಡೆಯ ಕನ್ನಡವನ್ನೂ ಬೇಗ ಕಲಿತುಬಿಟ್ಟ.

ನಮ್ಮ ಕಡೆ ಕೊಬ್ಬರಿ ಮಾಡುವ ಕ್ರಮ ತಿಳಿಯದವರಿಗೆ ಮುಂದಿನದು ಅರ್ಥವಾಗುವುದಿಲ್ಲ. ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹೆಚ್ಚೂ ಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಗುಂಡಾಗಿ ನಿಲ್ಲುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ, ಒಡೆದರೆ ಕೆಟ್ಟಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಆದದ್ದು ಗುಡುಗುಡು ಉರುಳುತ್ತದೆ. ಹಸಿಯದರಲ್ಲಿ ನೀರು ಕುಲುಕುತ್ತದೆ. ಕಷ್ಟ ಇರುವುದು ಇವೆರಡರ ನಡುವಿನದರಲ್ಲಿ, ಒಂದು ಕಡೆ ಮಾತ್ರ ಚಿಪ್ಪಿಗೆ ಅಂಟಿಕೊಂಡಿರುವ ಕಾಯಿಯಲ್ಲಿ. ಅಪ್ಪನ ಕಿವಿ ಅದನ್ನೂ ಹಿಡಿಯುತ್ತಿತ್ತು. ಮಾರುಕಟ್ಟೆಯಲ್ಲಿ ನಮ್ಮ ಮೂಟೆಗಳನ್ನು ಯಾರೂ ಬಿಚ್ಚಿಸಿ ನೋಡುತ್ತಿರಲಿಲ್ಲ.

ಬಾಡಿಗೆಯವನಿಗೆ ಇದೆಲ್ಲ ದೊಡ್ಡ ತಮಾಷೆ. ಅವನ ಊರಿನಲ್ಲೂ ತೆಂಗು ಇತ್ತು.

“ನಮ್ಮೂರಲ್ಲಿ ಒಡೆದು ಬಿಸಿಲಿಗೆ ಹಾಕ್ತಾರೆ ಯಜಮಾನ್ರೇ. ಒಂದ್ ವಾರ. ನೀವು ಒಂದ್ ವರ್ಷ ಕಾಯ್ತೀರಾ?”

“ಕಾಯ್ದೆ ಇದ್ರೆ ಅದು ಕೊಬ್ರಿ ಆಗಲ್ಲ ಕಣ್ಲಾ, ಒಣಗಿದ ಕಾಯಿ ಆಯ್ತದೆ,” ಎಂದು ಅಪ್ಪ ನಕ್ಕು ಅವನನ್ನು ಅಟ್ಟಕ್ಕೆ ಹತ್ತಿಸಿಕೊಂಡರು. ಹುಬ್ಬು ಒಡೆದದ್ದು ಅವತ್ತೇ.

ನನಗೆ ಆಗ ಇಪ್ಪತ್ತೊಂದು. ಬಿ.ಎ. ಮುಗಿಸಿ, ಗಂಡು ನೋಡುತ್ತಿದ್ದಾರೆ ಎಂಬ ನೆಪದಲ್ಲಿ ಮನೆಯಲ್ಲಿದ್ದೆ. ನಮ್ಮಲ್ಲಿ ಹೆಂಗಸರು ಅಟ್ಟ ಹತ್ತುವ ವಾಡಿಕೆ ಇರಲಿಲ್ಲ. ಏಣಿ ಗಂಡಸರದು, ಕೆಳಗೆ ಕೂತು ಚಿಪ್ಪು ಬಿಡಿಸುವುದು ಹೆಂಗಸರದು. ಆದರೆ ಇಳಿಸಿದ ಕಾಯಿಯನ್ನು ಅಲ್ಲಾಡಿಸಿ ನೋಡಲು ಯಾರ ಅಪ್ಪಣೆ ಬೇಕು? ಹತ್ತು ವರ್ಷದವಳಿದ್ದಾಗಿನಿಂದಲೂ ಅಪ್ಪ ಅತ್ತ ಹೋದ ಮೇಲೆ ಒಂದೊಂದನ್ನೇ ಕಿವಿಗಿಟ್ಟು ನಾನೇ ತೀರ್ಪು ಹೇಳಿಕೊಳ್ಳುತ್ತಿದ್ದೆ. ಮಾರನೆಯ ದಿನ ಬಿಡಿಸಿದಾಗ ನನ್ನ ತೀರ್ಪು ತಪ್ಪುತ್ತಿದ್ದುದು ಅಪರೂಪ. ನನಗೆ ಅಪ್ಪನ ಕಿವಿ ಬಂದಿತ್ತು. ಅದು ಗೊತ್ತಿದ್ದವಳು ನಾನೊಬ್ಬಳೇ.

ಆ ವರ್ಷ ಅಪ್ಪನಿಗೆ ಕಿವಿ ಮಂದವಾಗತೊಡಗಿತು. ಕುಕ್ಕರಿನ ಕೂಗು ಕೇಳುತ್ತಿರಲಿಲ್ಲ, ಬಾಗಿಲು ಬಡಿದರೆ ಏಳುತ್ತಿರಲಿಲ್ಲ. ಹೊರಗೆ ಗೊತ್ತಾದರೆ ವ್ಯಾಪಾರದ ಗತಿಯೇನೆಂದು ಯಾರಿಗೂ ಹೇಳಿರಲಿಲ್ಲ. ನನಗೆ ಒಳಗೊಳಗೇ ಆಸೆ… ಇನ್ನು ಅಪ್ಪ ಯಾರನ್ನಾದರೂ ಕೇಳಲೇಬೇಕು, ಕೇಳಿದರೆ ಮನೆಮಗಳಾದ ನನ್ನನ್ನೇ ಕೇಳುತ್ತಾರೆ ಎಂದು. ನನಗೆ ಗಂಡೂ ಬೇಕಿರಲಿಲ್ಲ, ಒಡವೆಯೂ ಬೇಕಿರಲಿಲ್ಲ. ‘ಇದನ್ನ ಕೇಳಿ ಹೇಳವ್ವ’ ಎಂಬ ಒಂದು ಮಾತು ಬೇಕಿತ್ತು.

ಆ ಮಾತನ್ನು ಅಪ್ಪ ಆಡಿದರು. ನಾನು ಗೋದಾಮಿನ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ.

“ಲೇ ಮಗಾ, ಇದ್ನ ವಸಿ ಕೇಳ್ಲಾ. ನಂಗ್ಯಾಕೋ ಮಂದ ಆಗೈತೆ. ಯಾರ್ಗೂ ಹೇಳ್ಬ್ಯಾಡ.”

ಬಾಡಿಗೆಯವನು ಕಾಯಿ ತೆಗೆದುಕೊಂಡು, ತಲೆ ಬಾಗಿಸಿ, ಎರಡು ಸಲ ಅಲ್ಲಾಡಿಸಿ ಹೇಳಿದ, “ಇನ್ನೂ ಒಂದ್ ತಿಂಗ್ಳು ಬೇಕು ಯಜಮಾನ್ರೇ. ಒಂದ್ ಕಡೆ ಹಿಡ್ಕಂಡೈತೆ.” ಸರಿಯಾಗಿಯೇ ಹೇಳಿದ್ದ, ಅದೇ ನನಗೆ ಇನ್ನಷ್ಟು ಉರಿಸಿತು. ಮೂರು ತಿಂಗಳ ಹಿಂದೆ ನಮ್ಮ ಅಟ್ಟ ಕಂಡವನು! ಅಪ್ಪ ಅವನ ಬೆನ್ನು ತಟ್ಟಿದರು. ನನ್ನ ಕೈಯಿಂದ ಲೋಟ ತೆಗೆದುಕೊಂಡರು, ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಕಾಲೇಜು ಬಿಟ್ಟ ಮೇಲೆ ಅವನು ಏಣಿಯ ಬುಡದಲ್ಲಿ ಕೂತು ಕಾಯಿ ಆರಿಸುವುದು ದಿನಚರಿಯಾಯಿತು. ಆದದ್ದು ಎಡಕ್ಕೆ, ಆಗದ್ದು ಬಲಕ್ಕೆ. ಆಗದ್ದು ಸಂಜೆ ಮತ್ತೆ ಅಟ್ಟಕ್ಕೆ. ಅವನು ಕೇಳುವ ಒಂದೊಂದು ಕಾಯಿಯೂ ನನ್ನಿಂದ ಕಿತ್ತುಕೊಂಡದ್ದು ಅನ್ನಿಸುತ್ತಿತ್ತು. ಅವನು ನನ್ನ ಜೊತೆ ಎಂದೂ ಕೆಟ್ಟದಾಗಿ ನಡೆದುಕೊಂಡವನಲ್ಲ. ಒಂದು ಸಲ ಕಾಯಿಯೊಂದನ್ನು ನನ್ನ ಕಡೆ ಚಾಚಿ, “ಅಕ್ಕಾ, ನೀವು ಕೇಳಿ, ನಂಗ್ ಡೌಟು,” ಅಂದಿದ್ದ. ಇವನೇನು ನನಗೆ ಕೊಡುವುದು ಎಂದು ಮುಖ ತಿರುಗಿಸಿಕೊಂಡು ಒಳಗೆ ಹೋಗಿದ್ದೆ. ಅವತ್ತು ಕೈಚಾಚಿದ್ದರೆ… ಇರಲಿ.

ಮಾಘದ ಒಂದು ಭಾನುವಾರ ಮಧ್ಯಾಹ್ನ ಅಪ್ಪ ಹಂದನಕೆರೆ ಕಡೆಯ ತೋಟಕ್ಕೆ ಹೋಗಿದ್ದರು, ಬಾಡಿಗೆಯವನು ಊಟಕ್ಕೆ ಎದ್ದಿದ್ದ. ನಾನು ಬಲಗಡೆಯ ಗುಡ್ಡೆಯಿಂದ ಕಾಯಿಗಳನ್ನು ಮಡಿಲಿಗೆ ತುಂಬಿಕೊಂಡು ಎಡಗಡೆಯ ಗುಡ್ಡೆಗೆ ಹಾಕಿದೆ. ಎರಡು ಮಡಿಲು. ಯಾವುದೋ ಸಿಕ್ಕಿದ್ದನ್ನು ಹಾಕಲಿಲ್ಲ. ಕಿವಿಗಿಟ್ಟು ಕೇಳಿ, ಪೂರಾ ಹಸಿ ಇರುವುದನ್ನೇ ಆರಿಸಿ ಹಾಕಿದೆ. ನನ್ನ ವಿದ್ಯೆಯನ್ನು ಜೀವಮಾನದಲ್ಲಿ ನಿಜವಾಗಿ ಉಪಯೋಗಿಸಿದ್ದು ಅದೊಂದೇ ದಿನ.

ಮಾರನೆಯ ದಿನ ಸಿಪ್ಪೆ ಸುಲಿದು, ಹೆಂಗಸರು ಸಾಲಾಗಿ ಕೂತು ಚಿಪ್ಪು ಬಿಡಿಸುತ್ತಿದ್ದರು. ಇದ್ದಕ್ಕಿದ್ದಂತೆ ಹಿರಿಯಳೊಬ್ಬಳು ಕೂಗಿದಳು.

“ಅಯ್ಯೋ ಯಜಮಾನ್ರೇ, ಹಸಿ ಐತೆ ಕಣ್ರೀ! ನೀರು ಸುರೀತಾ ಐತೆ!”

ಅವಳ ಹಿಂದೆಯೇ ಇನ್ನೊಬ್ಬಳ ಕೈಯಲ್ಲೂ ಹಾಗೇ, ಮತ್ತೊಬ್ಬಳದರಲ್ಲೂ ಹಾಗೇ. ಒಣಗದ ಕಾಯಿಯ ಸಿಹಿಹುಳಿ ವಾಸನೆ ಗೋದಾಮು ತುಂಬಿತು. “ಆ ಕರಿಯಂಗೇನ್ ಗೊತ್ತಾಯ್ತದೆ ನಮ್ ಕೊಬ್ರಿ ಸಮಾಚಾರ,” ಎಂದು ಯಾರೋ ಅಂದರು, ಕೆಲವರು ನಕ್ಕರು. ಅಪ್ಪ ಬಂದು ಒಡೆದ ಹೋಳುಗಳನ್ನು ಮುಟ್ಟಿ ನೋಡಿದರು.

ಬಾಡಿಗೆಯವನು ಒಂದು ಹೋಳು ಎತ್ತಿಕೊಂಡು ಮೆಲ್ಲಗೆ ಹೇಳಿದ, “ಇದು ನಾನು ಹಾಕಿದ್ದಲ್ಲ ಯಜಮಾನ್ರೇ. ಇಂಥದ್ದೆಲ್ಲಾ ಬಲಗಡೆ ಇಟ್ಟಿದ್ದೆ.”

ಅಪ್ಪನಿಗೆ ಕೇಳಿಸಿತು, ಅಷ್ಟು ಹತ್ತಿರವಿದ್ದರು. ಆದರೆ ಅವರು ನೋಡಿದ್ದು ಹೆಂಗಸರ ಮುಖಗಳನ್ನು. ಸಂಜೆಯೊಳಗೆ ಇದು ಊರೆಲ್ಲಾ ಹಬ್ಬುತ್ತದೆ, ಇವನನ್ನು ಯಾಕೆ ಕೂರಿಸಿಕೊಂಡಿರಿ ಎಂದು ಕೇಳುತ್ತಾರೆ, ತಮ್ಮ ಕಿವಿಯ ಗುಟ್ಟು ಹೊರಬೀಳುತ್ತದೆ… ಅದೆಲ್ಲ ಅವರ ಕಣ್ಣಲ್ಲಿ ಹಾದುಹೋದದ್ದನ್ನು ಕಂಡೆ.

“ಬುಡ್ಲಾ ಸಾಕು. ಹೊರಗಿನೋನ್ನ ತಂದು ಇಲ್ಲಿ ಕೂರಿಸ್ಕಂಡಿದ್ದು ನಂದೇ ತಪ್ಪು.”

ಅಷ್ಟೇ. ನಾನು ಬಾಗಿಲಲ್ಲೇ ಇದ್ದೆ. ನಾನು ಮಾಡಿದ್ದು ಎಂಬ ಮಾತು ಗಂಟಲವರೆಗೆ ಬಂದಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಬಂದಿರಲಿಲ್ಲ. ನನಗೆ ಒಳಗೆ ತಣ್ಣಗಾಗಿತ್ತು. ಅವನು ನನ್ನ ಕಡೆ ತಿರುಗಿ ನೋಡಿದನೋ ಇಲ್ಲವೋ… ಈಗಲೂ ಖಚಿತವಿಲ್ಲ. ವಾರದೊಳಗೆ ಕೋಣೆ ಖಾಲಿ ಮಾಡಿ ಬೆಂಗಳೂರಿನ ಹಾಸ್ಟೆಲಿಗೆ ಹೋದ, ಓದನ್ನು ಅಲ್ಲೇ ಮುಂದುವರಿಸಿದನಂತೆ. ಹೋಗುವಾಗ ಅಮ್ಮನಿಗೆ ನಮಸ್ಕಾರ ಮಾಡಿದ. ಅಪ್ಪ ಒಳಗಿದ್ದವರು ಹೊರಗೆ ಬರಲಿಲ್ಲ.

ಇನ್ನು ನನ್ನ ಸರದಿ ಎಂದು ಕಾದೆ. ದಿನಾ ಕಾಫಿ ಹಿಡಿದು ಗೋದಾಮಿನ ಬಾಗಿಲಿಗೆ ಹೋದೆ. ಅಪ್ಪ ನನ್ನನ್ನು ಕರೆಯಲೇ ಇಲ್ಲ. ಯಾರನ್ನೂ ಕರೆಯಲಿಲ್ಲ. ಕೊನೆಗೆ ನಾನೇ ಧೈರ್ಯ ಮಾಡಿ, “ಅಪ್ಪಾ, ನಾನು ಕೇಳಿ ಹೇಳ್ತೀನಿ,” ಅಂದೆ. “ನಿಂಗ್ಯಾಕವ್ವ ಇದೆಲ್ಲ, ನಾಳೆ ಇನ್ನೊಂದು ಮನೆಗೆ ಹೋಗೋಳು,” ಅಂದರು. ಇದ್ದ ಸರಕು ಮುಗಿಸಿ, ಮುಂದಿನ ವರ್ಷದಿಂದ ಕಾಯಿಯನ್ನು ಮರದ ಮೇಲೇ ಗುತ್ತಿಗೆ ಕೊಟ್ಟುಬಿಟ್ಟರು. ಅಟ್ಟದಲ್ಲಿ ಮುರುಕು ಕುರ್ಚಿ, ಹಳೆಯ ಹಾಸಿಗೆ ಸೇರಿದವು. ನಾನು ಮದುವೆಯಾಗಿ ತುರುವೇಕೆರೆಗೆ ಬಂದೆ.

ತಪ್ಪನ್ನು ಒಪ್ಪಿಕೊಳ್ಳಲೇ ಇಲ್ಲವೆಂದಲ್ಲ. ಎಷ್ಟೋ ವರ್ಷದ ಮೇಲೆ ತವರಿಗೆ ಹೋಗಿ ಹೇಳಲು ಹೊರಟಾಗ ಅಪ್ಪನಿಗೆ ಪೂರಾ ಕಿವುಡು. ಹಿತ್ತಲ ಬಿಸಿಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, “ಅಪ್ಪಾ, ಅವತ್ತು ಕಾಯಿ ಬೆರೆಸಿದ್ದು ನಾನು,” ಅಂದೆ. ಗಟ್ಟಿಯಾಗಿ ಕೂಗಿದ್ದರೆ ಕೇಳಿಸುತ್ತಿತ್ತೇನೋ. ಬೇಲಿಯಾಚೆಯವರಿಗೂ ಕೇಳಿಸುತ್ತದಲ್ಲ ಎಂದು ಕೂಗಲಿಲ್ಲ. ಅಪ್ಪ ಎಲ್ಲರಿಗೂ ಮಾಡುವಂತೆ ನನಗೂ ತಲೆಯಾಡಿಸಿ, “ಹ್ಞೂಂ ಕಣವ್ವ,” ಎಂದು ನಕ್ಕರು. ಆ ಬೇಸಿಗೆ ಕಳೆಯುವುದರೊಳಗೆ ಹೋಗಿಬಿಟ್ಟರು.

“ಏನ್ ಮೇಡಂ, ಆಗ್ಲಿಂದ ಒಂದೇ ಪುಟ ನೋಡ್ತಿದ್ದೀರಾ. ಗುರ್ತಿನೋರಾ?” ದರ್ಜಿ ಸಾಹೇಬರು ಹೊಲಿಗೆ ನಿಲ್ಲಿಸಿ ಕೇಳಿದರು.

“ಹೂಂ. ನಮ್ಮ ತಂದೆ ಮನೇಲಿ ಬಾಡಿಗೆಗಿದ್ರು,” ಅಂದೆ. ಬಾಯಿಂದ ಬಹುವಚನ ತಾನಾಗಿ ಬಂತು.

“ಯಾ ಅಲ್ಲಾ! ಹಂಗಾದ್ರೆ ಒಂದ್ ಕಾಗ್ದ ಬರೀರಿ ಮತ್ತೆ. ದೊಡ್ಡೋರು ಇಂಥದೆಲ್ಲ ಮರೆಯಲ್ಲ ಕಣ್ರೀ.”

ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಮರೆಯದೆ ಇದ್ದರೆ ಏನು ಹೇಳಿಕೊಂಡಿರಬಹುದು? ಮಾರನೆಯ ದಿನವೇ ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಅಂಗಡಿಗೆ ಹೋಗಿ, ಅದನ್ನು ನಡೆಸುವ ಹೆಣ್ಣುಮಗಳಿಂದ ಅವನ ಸಂದರ್ಶನವೊಂದನ್ನು ಹುಡುಕಿಸಿದೆ. ಉದ್ದನೆಯ ಇಂಗ್ಲಿಷ್ ಸಂದರ್ಶನ. ಒಂದೊಂದು ಸಾಲಿನಲ್ಲೂ ನಮ್ಮೂರನ್ನು ಹುಡುಕಿದೆ. ಅಟ್ಟವನ್ನು ಹುಡುಕಿದೆ, ಅಪ್ಪನನ್ನು ಹುಡುಕಿದೆ, ಅನ್ಯಾಯ ಮಾಡಿದ ಒಂದು ಮನೆಯನ್ನಾದರೂ ಹುಡುಕಿದೆ. ಬಾಲ್ಯದ ಬಗ್ಗೆ ಇತ್ತು, ಸಂತೆಯಲ್ಲಿ ಮೀನು ಮಾರುತ್ತಿದ್ದ ಅಜ್ಜಿಯ ಬಗ್ಗೆ ಇತ್ತು, ಮೊದಲ ಕಾರ್ಖಾನೆಯ ಬಗ್ಗೆ ಇತ್ತು. ನಮ್ಮ ದೇಶದ ಬಗ್ಗೆ ಇದ್ದದ್ದು ಒಂದೇ ಸಾಲು, ಕೆಲವು ವರ್ಷ ಬೆಂಗಳೂರಿನಲ್ಲಿ ಓದಿದೆ ಎಂದು.

“ಪ್ರಿಂಟ್ ತೆಗೀಲಾ ಆಂಟಿ?” ಎಂದು ಆಕೆ ಕೇಳಿದಳು. ಬೇಡವೆಂದೆ.

ಮನೆಗೆ ನಡೆದು ಬರುವಾಗ ಅಳು ಬರಲಿಲ್ಲ, ಸಿಟ್ಟು ಬಂತು. ಅಪ್ಪ ನನ್ನ ಮಾತು ಕೇಳಿಸಿಕೊಳ್ಳದೆಯೇ ಹೋದರು. ಆ ಅನ್ಯಾಯವನ್ನು ಬಲ್ಲವನು ಇನ್ನೊಬ್ಬನಿದ್ದಾನೆ, ಅವನು ಬೈದರೂ ಸಾಕು ಎಂದುಕೊಂಡಿದ್ದೆ. ಅವನು ಅದನ್ನು ಎಲ್ಲೋ ಇಳಿಸಿ ಮುಂದೆ ಹೋಗಿದ್ದಾನೆ. ಹೊತ್ತುಕೊಂಡಿರುವವಳು ನಾನೊಬ್ಬಳೇ. ಅವನ ಗೋದಾಮುಗಳು ಇನ್ನೂ ಹತ್ತಾಗಲಿ, ಬರುವ ವರ್ಷ ಅವನು ಪಟ್ಟಿಯ ಮೇಲಿನ ಸಾಲಿಗೇ ಹೋಗಲಿ, ಅದಕ್ಕೆ ಇನ್ನು ನಾನು ಉರಿದುಕೊಳ್ಳುವುದಿಲ್ಲ. ಅವನು ಮರೆತಿದ್ದಾನಲ್ಲ, ನನ್ನ ಹೊಟ್ಟೆಕಿಚ್ಚು ಈಗ ಅದರ ಮೇಲೆ.